ಕ್ರೀಟ್ ದ್ವೀಪಕ್ಕೆ ಬೇಸಿಗೆ ರಜೆಯಲ್ಲಿ ಹೋಗಬೇಕಾ, ದಸರಾ ರಜೆಯಲ್ಲಾ?

ಜಯನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ಐದು ವರ್ಷದಿಂದ ಸ್ವಲ್ಪ ಸ್ವಲ್ಪವೇ ದುಡ್ಡು ಕೂಡಿಟ್ಟಿದ್ದೇವೆ. 2027ರಲ್ಲಿ ಗ್ರೀಸ್‌ಗೆ ಹೋಗಿಬರುವುದು ಅಂತ ಮನೆಯಲ್ಲಿ ತೀರ್ಮಾನವಾಗಿದೆ. ಅಥೆನ್ಸ್‌ನಲ್ಲಿ ಎರಡು ಮೂರು ದಿನ, ಉಳಿದದ್ದೆಲ್ಲ ಕ್ರೀಟ್ ದ್ವೀಪದಲ್ಲಿ. ಒಟ್ಟು ಹತ್ತು ದಿನ. ಎಲ್ಲಿಗೆ ಅನ್ನುವುದು ಗೊತ್ತಾಯಿತು, ಯಾವಾಗ ಅನ್ನುವುದೇ ಬಗೆಹರಿಯುತ್ತಿಲ್ಲ.

ನಾವು ಐದು ಜನ. ನಾನು, ನಮ್ಮ ಯಜಮಾನರು, ಅತ್ತೆ, ಇಬ್ಬರು ಮಕ್ಕಳು. ಹೋಗುವ ಹೊತ್ತಿಗೆ ಮಗಳಿಗೆ 12 ತುಂಬಿರುತ್ತದೆ, ಮಗನಿಗೆ 8. ಮಕ್ಕಳಿಗೆ ಬೇಕಿರುವುದು ಸಮುದ್ರ, ಬೇರೇನೂ ಅಲ್ಲ. ನನಗೆ ಕಾಲೇಜಿನಲ್ಲಿ ಇತಿಹಾಸ ಓದಿದಾಗಿನಿಂದ ಕ್ರೀಟ್‌ನ ಪುರಾತನ ಕ್ನೋಸೋಸ್ ಅರಮನೆ ನೋಡುವ ಆಸೆ. ಅತ್ತೆಗೆ 67 ವರ್ಷ. ಮಂಡಿ ನೋವು, ಬಿಸಿಲು ತಡೆಯುವುದಿಲ್ಲ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅವರನ್ನು ಬಿಟ್ಟು ಹೋಗುವ ಮಾತೇ ಇಲ್ಲ.

ಶಾಲೆಗೆ ರಜೆ ಇರುವುದು ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ. ಆಮೇಲೆ ಅಕ್ಟೋಬರ್‌ನಲ್ಲಿ ದಸರಾ ರಜೆ. ಇಲ್ಲಿ ಕೇಳಿದ ಒಬ್ಬ ಟ್ರಾವೆಲ್ ಏಜೆಂಟ್ "ಒಂದು ವಾರ ಶಾಲೆ ತಪ್ಪಿಸಿ ಜುಲೈನಲ್ಲೇ ಹೋಗಿ, ಅದೇ ನಿಜವಾದ ಸೀಸನ್" ಅಂತಾರೆ. ಹೋಗಿಬಂದವರು ದಯವಿಟ್ಟು ಹೇಳಿ.

ಮ್ಯೂನಿಕ್ ಕನ್ನಡತಿ

ಮೊದಲು ಜುಲೈ, ಆಗಸ್ಟ್ ತಲೆಯಿಂದ ತೆಗೆದುಹಾಕಿ ಅಕ್ಕ. ಅತ್ತೆಯವರು ಜೊತೆಗಿದ್ದಾರೆ ಅಂದಮೇಲೆ ಅದರ ಬಗ್ಗೆ ಯೋಚನೆಯೇ ಬೇಡ.

ನಾವು 2023ರ ಜುಲೈನಲ್ಲಿ ಅಥೆನ್ಸ್‌ನಲ್ಲಿದ್ದೆವು. ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದರು. 40 ಡಿಗ್ರಿ ದಾಟಿತ್ತು. ನಾವು ಹಳೆಯ ದೇವಾಲಯಗಳಿರುವ ಆಕ್ರೊಪೊಲಿಸ್ ಗುಡ್ಡದ ಬುಡಕ್ಕೆ ಹೋಗುವಷ್ಟರಲ್ಲಿ ಮಧ್ಯಾಹ್ನದ ಹೊತ್ತು ಬಾಗಿಲು ಹಾಕಿಬಿಟ್ಟಿದ್ದರು. ಬಿಸಿಲಿಗೆ ಯಾರಿಗೂ ಏನೂ ಆಗದಿರಲಿ ಅಂತ ಸರ್ಕಾರವೇ ಮುಚ್ಚಿಸಿತ್ತು. 2024ರ ಜೂನ್‌ನಲ್ಲೂ ಹಾಗೇ ಆಯಿತು. ಅಮ್ಮ ಒಂದು ಆಲಿವ್ ಮರದ ನೆರಳಿನಲ್ಲಿ ಒದ್ದೆ ಬಟ್ಟೆ ತಲೆಗೆ ಸುತ್ತಿಕೊಂಡು ಕೂತಿದ್ದರು. ಆ ದೃಶ್ಯ ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ನಾವು ಹೋದ 2023ರ ಜುಲೈನಲ್ಲೇ ಗ್ರೀಸ್‌ನ ರೋಡ್ಸ್ ದ್ವೀಪದಲ್ಲಿ ಕಾಡಿಗೆ ಬೆಂಕಿ ಬಿದ್ದು ಸುಮಾರು 19,000 ಜನರನ್ನು ಸ್ಥಳಾಂತರಿಸಬೇಕಾಯಿತು.

ನಮ್ಮವರು "ಬೆಂಗಳೂರಿನವರು, ಬಿಸಿಲು ನಮಗೇನು ಹೊಸದಾ" ಅಂದುಕೊಳ್ಳುತ್ತಾರೆ. ಆದರೆ ಅಲ್ಲಿನ ಹಳೆಯ ಅವಶೇಷಗಳಲ್ಲಿ ನೆರಳೇ ಇರುವುದಿಲ್ಲ. ಬಿಳಿ ಅಮೃತಶಿಲೆ ಕೆಳಗಿನಿಂದಲೂ ಕಾವು ಹೊಡೆಯುತ್ತದೆ. ನಮ್ಮ ಬೆಂಗಳೂರಿನ ಏಪ್ರಿಲ್‌ಗೂ ಅದಕ್ಕೂ ಹೋಲಿಕೆ ಇಲ್ಲ. ಕಲಬುರಗಿಯ ಮೇ ತಿಂಗಳಲ್ಲಿ ಮಟಮಟ ಮಧ್ಯಾಹ್ನ ಕೋಟೆ ಹತ್ತಿದ ಹಾಗೆ.

ಚಾರಣ ಪ್ರಿಯೆ

ಮೇ! ಕಣ್ಣು ಮುಚ್ಚಿಕೊಂಡು ಮೇ ತಿಂಗಳು ಹೋಗಿ.

ಕ್ರೀಟ್ ಅಂದರೆ ಬರೀ ಬೀಚು ಅಂತ ತಿಳಿಯಬೇಡಿ. ಅದು ಬೆಟ್ಟಗಳ ದ್ವೀಪ. ಚಳಿಗಾಲದ ಮಳೆ ಕುಡಿದ ನೆಲ ಏಪ್ರಿಲ್, ಮೇನಲ್ಲಿ ಹಸಿರಾಗಿರುತ್ತದೆ. ರಸ್ತೆ ಪಕ್ಕದಲ್ಲೆಲ್ಲ ಕೆಂಪು ಗಸಗಸೆ ಹೂವು, ಹಳದಿ ಸೇವಂತಿಗೆಯಂಥ ಹೂವು. ಬಿಳಿ ಬೆಟ್ಟಗಳು ಅಂತ ಕರೆಯುವ ಬೆಟ್ಟಸಾಲಿನ ತುದಿಯಲ್ಲಿ ಇನ್ನೂ ಒಂದಿಷ್ಟು ಹಿಮ. ಬೆಳಿಗ್ಗೆ ಆರೂವರೆಗೆ ಬೆಳಕು, ರಾತ್ರಿ ಎಂಟೂವರೆಯಾದರೂ ಪೂರ್ತಿ ಕತ್ತಲಾಗಿರುವುದಿಲ್ಲ. ಸಮಾರಿಯಾ ಕಮರಿ ಸಾಮಾನ್ಯವಾಗಿ ಮೇ 1ಕ್ಕೆ ತೆರೆದು ಅಕ್ಟೋಬರ್ ಕೊನೆಗೆ ಮುಚ್ಚುತ್ತದೆ. 16 ಕಿಲೋಮೀಟರ್ ಇಳಿಜಾರು, ಕೊನೆಗೆ ಆಗಿಯಾ ರೂಮೇಲಿ ಅನ್ನುವ ಊರಿನ ಕಡಲ ದಂಡೆಗೆ ಬಂದು ಮುಟ್ಟುತ್ತೀರಿ. ಅಲ್ಲಿಂದ ಆಚೆಗೆ ರಸ್ತೆಯಿಲ್ಲ, ದೋಣಿಯೇ ಗತಿ. ನಿಮ್ಮ ಅತ್ತೆಯವರಿಗೆ ಇದು ಆಗುವುದಿಲ್ಲ ನಿಜ, ಆದರೆ ಮಗಳು ಮತ್ತು ಯಜಮಾನರು ಹೋಗಿಬರಬಹುದು.

ಅಕ್ಟೋಬರ್‌ನಲ್ಲಿ ಅದೇ ನೆಲ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಎರಡೂ ಕಾಲದಲ್ಲಿ ನೋಡಿದ್ದೇನೆ. ವಸಂತದ ಕ್ರೀಟ್ ನೋಡದವರು ಕ್ರೀಟನ್ನು ಅರ್ಧವೇ ನೋಡಿದ್ದಾರೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೊನ್ನಾವರ ಹುಡುಗ

ಮಕ್ಕಳಿಗೆ ಸಮುದ್ರ ಬೇಕು ಅಂತ ಬರೆದಿದ್ದಾರಲ್ವಾ ಮೇಡಂ? ಅದನ್ನು ಮರೆಯಬೇಡಿ.

ನಾನು ಸರಕು ಹಡಗಿನಲ್ಲಿ ಕೆಲಸ ಮಾಡುತ್ತೇನೆ. ಸುಯೆಜ್ ದಾಟಿ ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿಗೆ ಹಲವು ಸಲ ಹೋಗಿದ್ದೇನೆ. ನಮ್ಮ ಕರಾವಳಿಯ ನೀರು ವರ್ಷವಿಡೀ ಬೆಚ್ಚಗೆ, 27, 28 ಡಿಗ್ರಿ ಆಸುಪಾಸು. ಕ್ರೀಟ್ ಸುತ್ತ ಮೇ ತಿಂಗಳಲ್ಲಿ ನೀರು 19, 20 ಡಿಗ್ರಿ. ಮೇಲೆ ಬಿಸಿಲು ಚೆನ್ನಾಗಿರುತ್ತದೆ, ಅಂಗಿ ಬಿಚ್ಚಿ ಖುಷಿಯಿಂದ ಓಡುತ್ತೀರಿ, ಮೊಣಕಾಲು ಮುಳುಗುವಷ್ಟರಲ್ಲಿ ಹಲ್ಲು ಕಟಕಟ ಅನ್ನುತ್ತದೆ. ಜರ್ಮನಿಯವರು, ಇಂಗ್ಲೆಂಡಿನವರು ಅದರಲ್ಲೇ ಈಜುತ್ತಾರೆ. ಗೋಕರ್ಣದ ನೀರಿಗೆ ಒಗ್ಗಿದ ಎಂಟು ವರ್ಷದ ಹುಡುಗ ಐದು ನಿಮಿಷ ನಿಲ್ಲುವುದಿಲ್ಲ. ಅಕ್ಟೋಬರ್ ಮೊದಲ ವಾರ ಅದೇ ನೀರು 23, 24 ಇರುತ್ತದೆ. ನಾಲ್ಕು ಡಿಗ್ರಿ ಅಂದರೆ ಕೇಳಲು ಚಿಕ್ಕದು. ನೀರಿನಲ್ಲಿ ಅದು ತುಂಬಾ ದೊಡ್ಡದು.

ಜಯನಗರದ ಅಮ್ಮ

ಮೇ ತಿಂಗಳು ಅಂದರೆ ಬೇಸಿಗೆ, ಅಕ್ಟೋಬರ್ ಅಂದರೆ ಚಳಿ ಶುರು ಅಂದುಕೊಂಡಿದ್ದೆ. ಇದು ತಲೆಕೆಳಗಾಯಿತಲ್ಲ! ಯಾಕೆ ಹೀಗೆ? ಅಕ್ಟೋಬರ್‌ನಲ್ಲಿ ಮಳೆ ಬರುವುದಿಲ್ಲವಾ?

ಭೂಗೋಳ ಮೇಷ್ಟ್ರು

ಮೂವತ್ತು ವರ್ಷ ಪಾಠ ಮಾಡಿದವನು, ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ ತಾಯಿ.

ಬಚ್ಚಲು ಮನೆಯ ತಾಮ್ರದ ಹಂಡೆ ನೆನಪಿಸಿಕೊಳ್ಳಿ. ಒಲೆಗೆ ಬೆಂಕಿ ಹಾಕಿದ ತಕ್ಷಣ ನೀರು ಕಾಯುವುದಿಲ್ಲ. ಬೆಂಕಿ ಆರಿದ ಮೇಲೂ ಎಷ್ಟೋ ಹೊತ್ತು ಬಿಸಿ ಇರುತ್ತದೆ. ಮೆಡಿಟರೇನಿಯನ್ ಸಮುದ್ರ ದೊಡ್ಡ ಹಂಡೆ. ಸೂರ್ಯ ಅತಿ ಹೆಚ್ಚು ಹೊತ್ತು ಇರುವುದು ಜೂನ್ 21ರ ಸುಮಾರಿಗೆ. ನೀರು ಅತಿ ಬಿಸಿಯಾಗುವುದು ಆಗಸ್ಟ್‌ನಲ್ಲಿ, ಕ್ರೀಟ್ ಬಳಿ ಸುಮಾರು 25, 26 ಡಿಗ್ರಿ. ಅತಿ ತಣ್ಣಗಿರುವುದು ಫೆಬ್ರವರಿ, ಮಾರ್ಚ್‌ನಲ್ಲಿ, 16ರ ಹತ್ತಿರ. ಹಾಗಾಗಿ ಮೇ ತಿಂಗಳ ಸಮುದ್ರ ಇನ್ನೂ ಚಳಿಗಾಲವನ್ನು ಹೊತ್ತುಕೊಂಡಿರುತ್ತದೆ, ಅಕ್ಟೋಬರ್ ಸಮುದ್ರ ಬೇಸಿಗೆಯನ್ನು.

ಮಳೆಯ ವಿಷಯದಲ್ಲಿ ಅಲ್ಲಿ ಎಲ್ಲವೂ ನಮಗೆ ಉಲ್ಟಾ. ನಮ್ಮ ಮಳೆಗಾಲ ಅವರ ಒಣಗಾಲ. ಅವರ ಮಳೆ ಬರುವುದು ಚಳಿಗಾಲದಲ್ಲಿ, ಮುಖ್ಯವಾಗಿ ನವೆಂಬರ್‌ನಿಂದ ಫೆಬ್ರವರಿವರೆಗೆ. ಅಥೆನ್ಸ್‌ಗೆ ವರ್ಷವಿಡೀ ಬೀಳುವುದು ಸುಮಾರು 400 ಮಿಲಿಮೀಟರ್. ನಮ್ಮ ಆಗುಂಬೆಯಲ್ಲಿ ಜುಲೈ ತಿಂಗಳೊಂದರಲ್ಲೇ ಅದರ ಹಲವು ಪಟ್ಟು ಸುರಿಯುತ್ತದೆ. ಇನ್ನೊಂದು ಸಂಗತಿ ಹೇಳಲೇಬೇಕು, ನನಗೆ ಇದು ಬಹಳ ಇಷ್ಟ. ಆಗುಂಬೆಯ ಮಳೆಗೂ ಕ್ರೀಟ್‌ನ ಬಿಸಿಲಿಗೂ ನಂಟಿದೆ. ಮುಂಗಾರು ಮಳೆ ಸುರಿಯುವಾಗ ವಾತಾವರಣಕ್ಕೆ ಅಪಾರ ಶಾಖ ಸೇರುತ್ತದೆ. ಅದರ ಪರಿಣಾಮವಾಗಿ ದೂರದ ಪೂರ್ವ ಮೆಡಿಟರೇನಿಯನ್ ಮೇಲೆ ಗಾಳಿ ಕೆಳಕ್ಕೆ ಇಳಿಯುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. 1996ರಲ್ಲಿ ರಾಡ್‌ವೆಲ್ ಮತ್ತು ಹಾಸ್ಕಿನ್ಸ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. ನಾವು ಕೊಡೆ ಹಿಡಿದಾಗ ಅವರು ಟೋಪಿ ಹಾಕಿಕೊಳ್ಳುವುದು ಕಾಕತಾಳೀಯವಲ್ಲ.

ಅಕ್ಟೋಬರ್ ಅನ್ನುವುದು ಎರಡರ ನಡುವಿನ ಹೊಸಿಲು. ಮೊದಲರ್ಧದಲ್ಲಿ ಒಂದೆರಡು ದಿನ ಮಳೆ ಬಂದರೆ ಬರಬಹುದು, ಹತ್ತು ದಿನವೂ ಹಾಳಾಗುವುದು ಅಪರೂಪ. ತಿಂಗಳ ಕೊನೆಗೆ ಹೋದಷ್ಟೂ ಅಪಾಯ ಜಾಸ್ತಿ.

ಹೊನ್ನಾವರ ಹುಡುಗ

ಮೇಷ್ಟ್ರೇ, ಹೊಸಿಲು ಅನ್ನುವ ಮಾತು ಸರಿ. ಆದರೆ ಅದರ ಇನ್ನೊಂದು ಮುಖವನ್ನೂ ಹೇಳಬೇಕು. ನೀರು ಬಿಸಿಯಿರುವಾಗ ಮೇಲಿನಿಂದ ತಣ್ಣನೆ ಗಾಳಿ ಬಂದರೆ ಬಿರುಗಾಳಿ ಏಳುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಇಯಾನೋಸ್ ಅನ್ನುವ ಬಿರುಗಾಳಿ ಬಂದು ಗ್ರೀಸ್‌ನ ಪಶ್ಚಿಮದ ದ್ವೀಪಗಳಿಗೆ ಹೊಡೆಯಿತು. 2023ರ ಸೆಪ್ಟೆಂಬರ್‌ನಲ್ಲಿ ಡೇನಿಯಲ್ ಅನ್ನುವುದು ಬಂದು ಗ್ರೀಸ್‌ನ ಥೆಸಲಿ ಬಯಲನ್ನೇ ಮುಳುಗಿಸಿತು, ಆಮೇಲೆ ಲಿಬಿಯಾದಲ್ಲಿ ಸಾವಿರಾರು ಜನರ ಪ್ರಾಣ ತೆಗೆಯಿತು. ಹೆದರಿಸಲು ಹೇಳುತ್ತಿಲ್ಲ. ವರ್ಷವೂ ಎಲ್ಲ ಕಡೆಯೂ ಹೀಗಾಗುವುದಿಲ್ಲ. ಹೋಗುವ ವಾರ ಹವಾಮಾನದ ಎಚ್ಚರಿಕೆ ನೋಡಿಕೊಳ್ಳಿ ಅಷ್ಟೇ.

ಜುಲೈ, ಆಗಸ್ಟ್‌ನಲ್ಲಿ ಬೇರೆ ಥರದ ಗಾಳಿ. ಮೆಲ್ಟೆಮಿ ಅಂತಾರೆ. ಆಕಾಶ ನೀಲಿ, ಒಂದು ಮೋಡವಿಲ್ಲ, ಆದರೆ ಉತ್ತರದಿಂದ ದಿನಗಟ್ಟಲೆ ಬೀಸುತ್ತದೆ. ದಡದಲ್ಲಿ ಕೂತರೆ ಮರಳು ಮುಖಕ್ಕೆ ಚುಚ್ಚುತ್ತದೆ, ಫೆರ್ರಿಗಳು ರದ್ದಾಗುತ್ತವೆ. ಹಾಗಾಗಿ ಯಾವ ಕಾಲಕ್ಕೆ ಹೋದರೂ ಒಂದು ಮಾತು ನಡೆಸಿಕೊಡಿ: ಮೊದಲು ಕ್ರೀಟ್ ಮುಗಿಸಿ, ಕೊನೆಗೆ ಅಥೆನ್ಸ್. ದ್ವೀಪದಿಂದ ನೇರ ಬಂದು ಅದೇ ದಿನ ಬೆಂಗಳೂರಿನ ವಿಮಾನ ಹತ್ತುವ ಲೆಕ್ಕ ಬೇಡ.

ಮ್ಯೂನಿಕ್ ಕನ್ನಡತಿ

ಇದು ಬಂಗಾರದಂಥ ಮಾತು. ನಮ್ಮ ಗೆಳತಿಯೊಬ್ಬಳಿಗೆ ಗಾಳಿಯಿಂದ ಫೆರ್ರಿ ರದ್ದಾಗಿ ವಿಮಾನ ತಪ್ಪಿತು. ಹೊಸ ಟಿಕೆಟ್‌ಗೆ ಅವರು ಕೊಟ್ಟ ದುಡ್ಡಿನಲ್ಲಿ ಇನ್ನೊಂದು ವಾರ ಇರಬಹುದಿತ್ತು.

ಚಾರಣ ಪ್ರಿಯೆ ಅವರೇ, 2027ರ ಏಪ್ರಿಲ್, ಮೇ ಬಗ್ಗೆ ಒಂದು ವಿಷಯ ಗಮನಿಸಿದಿರಾ? ಆ ವರ್ಷ ಗ್ರೀಕರು ಆಚರಿಸುವ ಆರ್ಥಡಾಕ್ಸ್ ಪಂಥದ ಈಸ್ಟರ್ ಮೇ 2ಕ್ಕೆ ಬೀಳುತ್ತದೆ. ಪಶ್ಚಿಮ ಯುರೋಪಿನ ಈಸ್ಟರ್ ಮಾರ್ಚ್ 28ಕ್ಕೇ ಮುಗಿದಿರುತ್ತದೆ. ಗ್ರೀಕರಿಗೆ ಕ್ರಿಸ್‌ಮಸ್‌ಗಿಂತ ಈಸ್ಟರ್ ದೊಡ್ಡ ಹಬ್ಬ. ನಮ್ಮವರು ಗೌರಿ ಗಣೇಶಕ್ಕೆ ಊರಿಗೆ ಹೊರಟ ಹಾಗೆ ಅಥೆನ್ಸ್‌ನ ಜನ ದ್ವೀಪಗಳಿಗೆ ಹೊರಡುತ್ತಾರೆ. ಫೆರ್ರಿ, ವಿಮಾನ ಎಲ್ಲ ಭರ್ತಿ. ಈಸ್ಟರ್ ಭಾನುವಾರ ಕ್ನೋಸೋಸ್, ಆಕ್ರೊಪೊಲಿಸ್ ಎರಡೂ ಮುಚ್ಚಿರುತ್ತವೆ. ಮೇ 1ರ ಕಾರ್ಮಿಕ ದಿನವೂ ಅಲ್ಲೇ ಪಕ್ಕದಲ್ಲಿದೆ.

ಚಾರಣ ಪ್ರಿಯೆ

ಅದನ್ನು ಗಮನಿಸಿರಲಿಲ್ಲ, ಒಳ್ಳೆಯ ಮಾತು ಹೇಳಿದಿರಿ. ಆದರೂ ಅದನ್ನು ಅಡ್ಡಿ ಅಂತ ಮಾತ್ರ ನೋಡಬೇಡಿ. ಈಸ್ಟರ್‌ಗೆ ಮುಂಚಿನ ಶುಕ್ರವಾರ ರಾತ್ರಿ ಹೂವಿನಿಂದ ಮುಚ್ಚಿದ ಪಲ್ಲಕ್ಕಿಯಂಥದ್ದನ್ನು ಹೊತ್ತು, ಮೇಣದ ಬತ್ತಿ ಹಿಡಿದು ಇಡೀ ಊರು ಬೀದಿಯಲ್ಲಿ ನಡೆಯುತ್ತದೆ. ನಾನು ಕ್ರೀಟ್‌ನ ಒಂದು ಸಣ್ಣ ಹಳ್ಳಿಯಲ್ಲಿ ನೋಡಿದೆ. ನಮ್ಮೂರಿನ ಉತ್ಸವ ನೆನಪಾಗಿ ಕಣ್ಣು ತುಂಬಿಬಂತು.

ಅತ್ತೆಯವರ ಊಟಕ್ಕೂ ಅದು ಒಳ್ಳೆಯ ಕಾಲ. ಈಸ್ಟರ್‌ಗೆ ಮುಂಚೆ ನಲವತ್ತಕ್ಕೂ ಹೆಚ್ಚು ದಿನ ಉಪವಾಸದ ನೇಮ. ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಹೋಟೆಲುಗಳಲ್ಲಿ "ನಿಸ್ತೀಸಿಮೊ" ಅಂತ ಕೇಳಿದರೆ ಆ ಅಡುಗೆ ಸಿಗುತ್ತದೆ. ಸೀಗಡಿ, ಆಕ್ಟೋಪಸ್ ಮಾತ್ರ ಆ ನೇಮದಲ್ಲಿ ನಡೆಯುತ್ತದೆ, ಅದನ್ನು ಬಿಡಿಸಿ ಹೇಳಬೇಕು.

ಜಯನಗರದ ಅಮ್ಮ

ಹಾಗಾದರೆ ಅಕ್ಟೋಬರ್‌ನಲ್ಲಿ ಅತ್ತೆ ಏನು ತಿನ್ನಬೇಕು? ಮನೆಯಲ್ಲಿ ದೊಡ್ಡ ಚಿಂತೆ ಇದೇ ಆಗಿದೆ.

ಮ್ಯೂನಿಕ್ ಕನ್ನಡತಿ

ಚಿಂತೆ ಬಿಡಿ ಅಕ್ಕ. ಯುರೋಪಿನಲ್ಲಿ ನಮ್ಮಂಥವರಿಗೆ ಊಟ ಸುಲಭವಾಗಿ ಸಿಗುವ ದೇಶಗಳಲ್ಲಿ ಗ್ರೀಸ್ ಒಂದು. ಫಾವಾ ಅಂತ ಬರುತ್ತದೆ, ಹಳದಿ ಬೇಳೆ ಬೇಯಿಸಿ ನುಣ್ಣಗೆ ಮಾಡಿ ಎಣ್ಣೆ ಈರುಳ್ಳಿ ಹಾಕಿರುತ್ತಾರೆ. ನಮ್ಮಮ್ಮ ಅದಕ್ಕೆ ಮನೆಯಿಂದ ತಂದ ಚಟ್ನಿಪುಡಿ ಉದುರಿಸಿಕೊಂಡು ಬ್ರೆಡ್ ಜೊತೆ ತಿಂದರು. ಯಿಗಾಂತೆಸ್ ಅಂದರೆ ಟೊಮೆಟೊ ರಸದಲ್ಲಿ ಬೇಯಿಸಿದ ದಪ್ಪ ಬಿಳಿ ಅವರೆಯಂಥ ಕಾಳು. ಬ್ರಿಯಾಮ್ ಅಂದರೆ ಬದನೆಕಾಯಿ, ಆಲೂಗಡ್ಡೆ, ಸೋರೆಯ ಜಾತಿಯ ಕಾಯಿ ಎಲ್ಲ ಒಲೆಯಲ್ಲಿ ಬೆಂದದ್ದು. ಹೊರ್ತಾ ಅಂದರೆ ಬೇಯಿಸಿದ ಸೊಪ್ಪು, ಮೇಲೆ ನಿಂಬೆಹಣ್ಣು. ದೊಲ್ಮಾದೆಸ್ ತಗೊಳ್ಳುವಾಗ ಒಳಗೆ ಬರೀ ಅನ್ನವಾ, ಕೈಮಾ ಇದೆಯಾ ಅಂತ ಕೇಳಿ. ಇವೆಲ್ಲ ವರ್ಷವಿಡೀ ಸಿಗುತ್ತವೆ.

ಚಟ್ನಿಪುಡಿ, ಅವಲಕ್ಕಿ ತಗೊಂಡು ಹೋಗಿ. ತುಪ್ಪ, ಪೇಡೆ ಬೇಡ. ಹೊರದೇಶದಿಂದ ಹಾಲಿನ ಪದಾರ್ಥ ತರಲು ಯುರೋಪಿನ ಒಕ್ಕೂಟ ಬಿಡುವುದಿಲ್ಲ.

ಧಾರವಾಡದ ಮೋಡ

ಚಳಿಗಾಲದ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ. ನಾವಿಬ್ಬರೇ ಜನವರಿಯಲ್ಲಿ ಅಥೆನ್ಸ್‌ಗೆ ಹೋಗಿದ್ದೆವು. ಆಕ್ರೊಪೊಲಿಸ್ ಮೇಲೆ ನೂರು ಜನ ಇದ್ದರೆ ಹೆಚ್ಚು. ಸೀಸನ್‌ನಲ್ಲಿ ದಿನಕ್ಕೆ 20,000 ಅಂತ ಮಿತಿ ಹಾಕಿ, ಗಂಟೆ ಲೆಕ್ಕದಲ್ಲಿ ಟಿಕೆಟ್ ಕೊಡುತ್ತಾರೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ. ಜನವರಿ ನಡುವೆ ಕೆಲವು ದಿನ ಗಾಳಿ ನಿಂತು ಎಳೆಬಿಸಿಲು ಬೀಳುತ್ತದೆ. ಗ್ರೀಕರು ಅವನ್ನು ಮಿಂಚುಳ್ಳಿಯ ದಿನಗಳು ಅಂತಾರೆ. ಮಿಂಚುಳ್ಳಿ ಮೊಟ್ಟೆಗೆ ಕಾವು ಕೂರಲಿ ಅಂತ ದೇವರು ಗಾಳಿಯನ್ನು ತಡೆದು ನಿಲ್ಲಿಸುತ್ತಾನೆ ಅನ್ನುವುದು ಹಳೆಯ ಕಥೆ. ನಮಗೆ ಅಂಥ ಮೂರು ದಿನ ಸಿಕ್ಕವು.

ಆದರೆ ಮಕ್ಕಳಿಗೆ ಸಮುದ್ರ ಬೇಕು ಅಂದರೆ ಇದು ನಿಮಗಲ್ಲ. ಕ್ರೀಟ್‌ನಲ್ಲಿ ಹಾನಿಯಾ, ಹೆರಾಕ್ಲಿಯನ್ ಪಟ್ಟಣಗಳು ಎಂದಿನಂತೆ ಇರುತ್ತವೆ. ಬೀಚಿನ ಊರುಗಳಲ್ಲಿ ಹೆಚ್ಚಿನ ಹೋಟೆಲು ನವೆಂಬರ್‌ಗೆ ಬಾಗಿಲು ಹಾಕುತ್ತವೆ.

ಕುಂದಾಪ್ರ ಕಡಲು

ಇಲ್ಲೇ ಒಂದು ಪ್ರಶ್ನೆ ಕೇಳುತ್ತೇನೆ. ನಾವು ಗ್ರೀಸ್ ಅಂತ ಗಟ್ಟಿ ಮಾಡಿಲ್ಲ. ಇಟಲಿ, ಸ್ಪೇನ್‌ಗೂ ಅಕ್ಟೋಬರ್ ಒಳ್ಳೆಯದಾ?

ಭೂಗೋಳ ಮೇಷ್ಟ್ರು

ಎಲ್ಲ ಕಡೆ ಒಂದೇ ಅಲ್ಲ. ಮಳೆ ಉತ್ತರ ಮತ್ತು ಪಶ್ಚಿಮದಿಂದ ಮೊದಲು ಬರುತ್ತದೆ. ಇಟಲಿಯ ಜಿನೋವಾ ಕಡೆ ಅಕ್ಟೋಬರ್, ನವೆಂಬರ್ ಅಂದರೆ ವರ್ಷದಲ್ಲೇ ಜೋರು ಮಳೆಯ ಕಾಲ. ವೆನಿಸ್‌ನಲ್ಲಿ ಬೀದಿಗೆ ನೀರು ನುಗ್ಗುವುದೂ ಶರತ್ಕಾಲದಲ್ಲೇ ಶುರು. ಸ್ಪೇನ್‌ನ ವೆಲೆನ್ಸಿಯಾದಲ್ಲಿ 2024ರ ಅಕ್ಟೋಬರ್ 29ರಂದು ಬಂದ ಪ್ರವಾಹದಲ್ಲಿ ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅಕ್ಟೋಬರ್‌ನಲ್ಲಿ ಹೋಗುವುದಾದರೆ ದಕ್ಷಿಣ, ಪೂರ್ವ ನೋಡಿ: ಕ್ರೀಟ್, ರೋಡ್ಸ್, ಸೈಪ್ರಸ್, ಟರ್ಕಿಯ ಅಂತಾಲ್ಯ. ಸ್ಪೇನ್‌ನ ಸೆವಿಲ್, ಕಾರ್ಡೊಬಾ ಕಡೆ ಹೋಗುವುದಾದರೆ ಏಪ್ರಿಲ್, ಮೇ ಚೆಂದ. ಇಟಲಿಯ ಸಿಸಿಲಿ ದ್ವೀಪಕ್ಕೆ ಆಗಸ್ಟ್‌ನಲ್ಲಿ ಮಾತ್ರ ಹೋಗಬೇಡಿ. 2021ರ ಆಗಸ್ಟ್ 11ರಂದು ಅಲ್ಲಿ 48.8 ಡಿಗ್ರಿ ದಾಖಲಾಯಿತು, ಯುರೋಪಿನಲ್ಲೇ ಅದು ಅತಿ ಹೆಚ್ಚು.

ಜಯನಗರದ ಅಮ್ಮ

ನಿನ್ನೆ ರಾತ್ರಿ ಊಟವಾದ ಮೇಲೆ ಎಲ್ಲ ಉತ್ತರಗಳನ್ನೂ ಮನೆಯವರಿಗೆ ಓದಿ ಹೇಳಿದೆ. ಚಾರಣ ಪ್ರಿಯೆ ಅವರು ಬರೆದ ಹೂವಿನ ಮಾತಿಗೆ ಅತ್ತೆಗೆ ಮೇ ತಿಂಗಳೇ ಮನಸ್ಸಾಗಿತ್ತು. ಆಮೇಲೆ ಅವರೇ "ಮಕ್ಕಳು ನೀರಿಗೆ ಇಳಿಯದೆ ದಡದಲ್ಲಿ ನಿಂತರೆ ನನಗೆ ಹೂವು ನೋಡಿ ಏನು ಬಂತು" ಅಂದರು. ಹಾಗಾಗಿ ದಸರಾ ರಜೆ ಅಂತ ನಿಂತಿದೆ. 2027ರಲ್ಲಿ ಅದು ಅಕ್ಟೋಬರ್ ಆರಂಭದಲ್ಲೇ ಬರುತ್ತದೆ, ಅದೂ ಅನುಕೂಲವಾಯಿತು. ಬೊಂಬೆ ಕೂರಿಸುವುದು ಆ ವರ್ಷ ತಪ್ಪುತ್ತದೆ. ನಮ್ಮ ನಾದಿನಿ ಮನೆಯಲ್ಲಿ ಕೂರಿಸುತ್ತಾರೆ, ನಮ್ಮ ಪಟ್ಟದ ಗೊಂಬೆಯನ್ನೂ ಅಲ್ಲಿಗೇ ಕೊಡುತ್ತೇವೆ.

ಈಗ ಎರಡು ಪ್ರಶ್ನೆ. ವೀಸಾಗೆ ಯಾವಾಗ ಅರ್ಜಿ ಹಾಕಬೇಕು? ಎಲ್ಲಿ ಉಳಿಯಬೇಕು?

ಮ್ಯೂನಿಕ್ ಕನ್ನಡತಿ

ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾಗೆ ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ. ಅಲ್ಲಿವರೆಗೆ ಕಾಯಬೇಡಿ. ಏಪ್ರಿಲ್, ಮೇನಲ್ಲಿ ಬೇಸಿಗೆಗೆ ಹೋಗುವವರ ನೂಕುನುಗ್ಗಲು, ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಆದರೂ ಏಪ್ರಿಲ್‌ನಿಂದಲೇ ನೋಡುತ್ತಾ ಇರಿ. ಈಗಿನ ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12ರೊಳಗಿನ ಮಕ್ಕಳಿಗೆ 45. ಮಗಳಿಗೆ 12 ತುಂಬಿದ್ದರೆ ಪೂರ್ತಿ ಕಟ್ಟಬೇಕು. 30,000 ಯೂರೋ ರಕ್ಷಣೆ ಇರುವ ವಿಮೆ ಕಡ್ಡಾಯ. ಅತ್ತೆಯವರ ವಯಸ್ಸಿಗೆ ಪ್ರೀಮಿಯಂ ಜಾಸ್ತಿ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಹೋಟೆಲಿನಲ್ಲಿ ಕೋಣೆಯ ಬಾಡಿಗೆ ಜೊತೆ ರಾತ್ರಿಗೆ ಇಷ್ಟು ಅಂತ ಒಂದು ತೆರಿಗೆ ಬೇರೆ ಕಟ್ಟಬೇಕು. 2025ರಿಂದ ಮೂರು ಸ್ಟಾರ್ ಹೋಟೆಲಿಗೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಕೋಣೆಗೆ 5 ಯೂರೋ. ಬುಕ್ ಮಾಡುವಾಗ ಕಾಣಿಸದೆ ಅಲ್ಲಿ ಹೋದಮೇಲೆ ಕೇಳುತ್ತಾರೆ.

ಉಳಿಯಲು ಹಾನಿಯಾದಲ್ಲಿ ಐದು ರಾತ್ರಿ, ಹೆರಾಕ್ಲಿಯನ್‌ನಲ್ಲಿ ಎರಡು. ಕ್ನೋಸೋಸ್ ಹೆರಾಕ್ಲಿಯನ್‌ನಿಂದ ಐದೇ ಕಿಲೋಮೀಟರ್. ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದಂತೆ ಅರಮನೆ ನೋಡಿ, ಮಧ್ಯಾಹ್ನ ಊರಿನ ಮ್ಯೂಸಿಯಂಗೆ ಬನ್ನಿ. ಕ್ನೋಸೋಸ್‌ನ ಗೋಡೆ ಚಿತ್ರಗಳ ಮೂಲ ತುಣುಕುಗಳು ಅಲ್ಲಿವೆ, ಅರಮನೆಯಲ್ಲಿ ಕಾಣುವುದು ನಕಲು. ಮಂಡಿ ನೋವಿನವರಿಗೆ ಅಥೆನ್ಸ್‌ನ ಆಕ್ರೊಪೊಲಿಸ್‌ಗೆ ಲಿಫ್ಟ್ ಇದೆ. ನಡೆಯಲು ಕಷ್ಟವಿರುವವರಿಗಾಗಿ 2020ರ ಕೊನೆಗೆ ಹೊಸದಾಗಿ ಹಾಕಿದ್ದು. ಮೊದಲೇ ವಿಚಾರಿಸಿಕೊಳ್ಳಿ.

ಹೊನ್ನಾವರ ಹುಡುಗ

ಮಕ್ಕಳಿಗೆ ಎಲಫೋನಿಸಿ ಅನ್ನುವ ಬೀಚು ತೋರಿಸಿ. ನೀರು ಮೊಣಕಾಲುದ್ದ, ದೂರದವರೆಗೂ ಮರಳು. ಹಾನಿಯಾದಿಂದ ಬೆಟ್ಟದ ತಿರುವು ರಸ್ತೆ, ವಾಂತಿ ಆಗುವವರು ಮಾತ್ರೆ ತಗೊಳ್ಳಿ. ಉತ್ತರದ ಗಾಳಿ ಜೋರಾಗಿದ್ದರೆ ಅವತ್ತು ಉತ್ತರದ ದಂಡೆ ಬಿಟ್ಟು ದಕ್ಷಿಣಕ್ಕೆ ಹೋಗಿ, ಬೆಟ್ಟ ಅಡ್ಡ ಇರುವುದರಿಂದ ಎಷ್ಟೋ ಕಡೆ ನೀರು ಶಾಂತವಾಗಿರುತ್ತದೆ. ಕೆಂಪು ಬಾವುಟ ಹಾರಿಸಿದ್ದರೆ ನೀರಿಗೆ ಇಳಿಯಬೇಡಿ. ಅಕ್ಟೋಬರ್‌ನಲ್ಲಿ ಎಲ್ಲ ಬೀಚಿನಲ್ಲೂ ಜೀವರಕ್ಷಕರು ಇರುವುದಿಲ್ಲ, ದೊಡ್ಡವರೊಬ್ಬರು ಮಗನ ಜೊತೆ ನೀರಿನಲ್ಲೇ ಇರಬೇಕು.

ಚಾರಣ ಪ್ರಿಯೆ

ಅತ್ತೆಯವರ ಮಾತು ಓದಿ ನಾನು ಸೋತೆ, ಸಂತೋಷದಿಂದ ಸೋತೆ. ಅಕ್ಟೋಬರ್‌ನಲ್ಲೂ ಹೂವು ಇಲ್ಲದೆ ಇಲ್ಲ. ಒಣ ನೆಲದಿಂದ ಎಲೆಯೇ ಇಲ್ಲದೆ ಬಿಳಿ ಹೂವಿನ ಉದ್ದ ತೆನೆ ಎದ್ದಿರುತ್ತದೆ, ಕಡಲ ಈರುಳ್ಳಿ ಅಂತಾರೆ. ರಸ್ತೆ ಬದಿಯಲ್ಲೇ ಕಾಣುತ್ತದೆ, ಬೆಟ್ಟ ಹತ್ತಬೇಕಿಲ್ಲ. ಅತ್ತೆಯವರಿಗೆ ತೋರಿಸಿ.

ಜಯನಗರದ ಅಮ್ಮ

ತೋರಿಸುತ್ತೇನೆ, ಫೋಟೋ ತೆಗೆದು ಇಲ್ಲೇ ಹಾಕುತ್ತೇನೆ. ಎಲ್ಲರಿಗೂ ಮನಸಾರೆ ಧನ್ಯವಾದ. ಮಗ ಇನ್ನೂ ಈಜು ಕಲಿತಿಲ್ಲ. ಬರುವ ಸೋಮವಾರದಿಂದ ಅಕ್ಕ ತಮ್ಮ ಇಬ್ಬರನ್ನೂ ಈಜುಕೊಳಕ್ಕೆ ಸೇರಿಸುತ್ತಿದ್ದೇವೆ.